ಮಣಿಯಲು ಕಲಿತ ಗೇರು

ಮೋಟಾರು ಪಂದ್ಯಗಳ ಇತಿಹಾಸದಲ್ಲಿ 1967ರ ಜೂನ್ 4ನೆಯ ದಿನಾಂಕಕ್ಕೆ ವಿಶೇಷ ಸ್ಥಾನವಿದೆ. ಹಾಲೆಂಡಿನ ಕಡಲ ತೀರದಲ್ಲಿರುವ ಜಾಂಡ್ವೋರ್ಟ್ ಎಂಬ ಊರಿನಲ್ಲಿ ಅಂದು ಡಚ್ ಗ್ರ್ಯಾನ್ ಪ್ರಿ ಪಂದ್ಯ. ಮರಳು ದಿಬ್ಬಗಳ ನಡುವೆ ಸುತ್ತುವ ಆ ಹಾದಿಯಲ್ಲಿ ಲೋಟಸ್ ತಂಡದ ಎರಡು ಹೊಸ ಕಾರುಗಳು ಮೊದಲ ಬಾರಿಗೆ ಕಣಕ್ಕಿಳಿದಿದ್ದವು. ಎರಡರಲ್ಲೂ ಒಂದೇ ಬಗೆಯ ಹೊಚ್ಚ ಹೊಸ ಎಂಜಿನ್. ಒಂದನ್ನು ಓಡಿಸುತ್ತಿದ್ದವರು ಗ್ರಹಾಂ ಹಿಲ್, ಇನ್ನೊಂದನ್ನು ಜಿಮ್ ಕ್ಲಾರ್ಕ್.

ಹಿಲ್ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು, ಎಲ್ಲರಿಗಿಂತ ಮುಂದೆಯೇ ಓಡುತ್ತಿದ್ದರು. ಹನ್ನೊಂದನೆಯ ಸುತ್ತಿನಲ್ಲಿ ಅವರ ಕಾರು ನಿಂತುಹೋಯಿತು. ಎಂಟನೆಯ ಸ್ಥಾನದಿಂದ ಹೊರಟ ಕ್ಲಾರ್ಕ್ ಒಬ್ಬೊಬ್ಬರನ್ನೇ ಹಿಂದಕ್ಕೆ ಹಾಕಿ ಪಂದ್ಯವನ್ನು ಗೆದ್ದರು. ಹೊಸ ಎಂಜಿನ್ನೊಂದು ತನ್ನ ಮೊದಲ ಪಂದ್ಯದಲ್ಲೇ ಗೆಲ್ಲುವುದೆಂದರೆ ಸಾಮಾನ್ಯದ ಮಾತಲ್ಲ. ಪತ್ರಿಕೆಗಳು ಗೆಲುವಿನ ಬಗ್ಗೆ ಬರೆದವು. ಆದರೆ ಎಂಜಿನ್ ರೂಪಿಸಿದ ಕೀತ್ ಡಕ್‌ವರ್ತ್ ಅವರಿಗೆ ಚಿಂತೆ ಹುಟ್ಟಿಸಿದ್ದು ಇನ್ನೊಂದು ಕಾರು.

ಹಿಲ್ ಅವರ ಎಂಜಿನ್ನಿನಲ್ಲಿ ಪಿಸ್ಟನ್ ಒಡೆದಿರಲಿಲ್ಲ, ಕ್ರ್ಯಾಂಕ್‌ಶಾಫ್ಟ್ ಮುರಿದಿರಲಿಲ್ಲ. ಕೆಟ್ಟದ್ದು ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಗೇರುಗಳ ಸಾಲು. ಅಲ್ಲಿ ಗೇರಿನ ಹಲ್ಲು ಮುರಿದಿತ್ತು. ಉಕ್ಕಿನ ಗೇರಿಗಿಂತ ಗಟ್ಟಿಯಾದ ಏರ್ಪಾಡು ಬೇರೆ ಯಾವುದಿದೆ? ಗಟ್ಟಿಯಾದದ್ದೇ ಮುರಿದದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಹೋದರೆ, ವೇಗದ ಎಂಜಿನ್ನಿಗೆ ಕ್ಯಾಮ್ ತಿರುಗಿಸುವ ಸಾಧನವನ್ನು ಆರಿಸುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ತಿಳಿಯುತ್ತದೆ.

ಬಾಗಿಲು ಕಾಯುವವನ ಕೆಲಸ

ನಾಲ್ಕು ಹೊಡೆತದ ಎಂಜಿನ್ನಿನ ಉಸಿರಾಟ ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದೇ. ಪಿಸ್ಟನ್ ಕೆಳಗಿಳಿದಾಗ ಒಳಬರುವ ಕವಾಟ ತೆರೆದು ಗಾಳಿ, ಇಂಧನ ಒಳಗೆ ಬರುತ್ತವೆ. ಎರಡೂ ಕವಾಟಗಳು ಮುಚ್ಚಿದಾಗ ಮಿಶ್ರಣ ಒತ್ತಿ ಹಿಡಿಯಲ್ಪಡುತ್ತದೆ. ಕಿಡಿ ತಗುಲಿ ಉರಿಯುತ್ತದೆ. ಕೊನೆಗೆ ಹೊರಹೋಗುವ ಕವಾಟ ತೆರೆದು ಹೊಗೆ ಹೊರಬೀಳುತ್ತದೆ. ಕವಾಟವನ್ನು ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟ್ ಮೇಲಿನ ಮೊಟ್ಟೆಯಾಕಾರದ ಉಬ್ಬು. ಮತ್ತೆ ಮುಚ್ಚುವುದು ಬಲವಾದ ಒಂದು ಸ್ಪ್ರಿಂಗು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲಿಗೆ ಈ ತಾಪತ್ರಯ ಇರಲಿಲ್ಲ. ಅದು ಎರಡು ಹೊಡೆತದ ಎಂಜಿನ್. ಅಲ್ಲಿ ಪಿಸ್ಟನ್ನೇ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆಯುತ್ತಿತ್ತು. ಕವಾಟವೂ ಇಲ್ಲ, ಕ್ಯಾಮೂ ಇಲ್ಲ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತಬೇಕು. ಈ ಲೆಕ್ಕ ಒಂದು ಕ್ಷಣವೂ ತಪ್ಪುವಂತಿಲ್ಲ. ಮಿನಿಟಿಗೆ 9000 ಸುತ್ತು ಸುತ್ತುವ ಎಂಜಿನ್ನನ್ನು ಊಹಿಸಿಕೊಳ್ಳಿ. ಅದರ ಕ್ರ್ಯಾಂಕ್ ಸೆಕೆಂಡಿಗೆ 150 ಸುತ್ತು ಸುತ್ತುತ್ತದೆ. ಪ್ರತಿ ಕವಾಟವೂ ಸೆಕೆಂಡಿಗೆ 75 ಬಾರಿ ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಬೇಕಾಗುವ ಕಾಲ ಸೆಕೆಂಡಿನ 54 ಸಾವಿರದ ಒಂದು ಭಾಗ ಮಾತ್ರ. ಕವಾಟ ಕೆಲವೇ ಡಿಗ್ರಿ ತಡವಾಗಿ ಮುಚ್ಚಿದರೂ ಎಂಜಿನ್ನಿನ ಶಕ್ತಿ ಕುಂದುತ್ತದೆ. ಇನ್ನೂ ತಡವಾದರೆ ಮೇಲೇರಿ ಬರುವ ಪಿಸ್ಟನ್ ತೆರೆದ ಕವಾಟಕ್ಕೆ ಬಡಿಯುತ್ತದೆ. ಹೆಚ್ಚು ಶಕ್ತಿಯ ಎಂಜಿನ್‌ಗಳಲ್ಲಿ ಇವೆರಡರ ನಡುವೆ ಉಳಿಸಿರುವ ಜಾಗವೇ ತೀರ ಕಡಿಮೆ. ಒಮ್ಮೆ ಬಡಿಯಿತೆಂದರೆ ಕವಾಟ ಬಾಗುತ್ತದೆ, ಪಿಸ್ಟನ್ ತೂತಾಗುತ್ತದೆ, ಎಂಜಿನ್ನಿನ ಕಥೆ ಮುಗಿದಂತೆಯೇ.

ಕ್ಯಾಮ್ ತಿರುಗಿಸುವ ಸಾಧನದ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಅದರ ಮೇಲೆ ಬೀಳುವ ಹೊರೆ ಒಂದೇ ಸಮನಾಗಿರುವುದಿಲ್ಲ. ಕ್ಯಾಮಿನ ಉಬ್ಬು ಕವಾಟವನ್ನು ಒತ್ತುವಾಗ ಸ್ಪ್ರಿಂಗ್ ಎದುರು ನಿಲ್ಲುತ್ತದೆ. ಕ್ಯಾಮನ್ನು ಬಲವಾಗಿ ನೂಕಬೇಕಾಗುತ್ತದೆ. ಉಬ್ಬಿನ ತುದಿ ದಾಟಿದ ಕೂಡಲೇ ಅದೇ ಸ್ಪ್ರಿಂಗ್ ಕ್ಯಾಮನ್ನು ಮುಂದಕ್ಕೆ ತಳ್ಳತೊಡಗುತ್ತದೆ. ದಿಣ್ಣೆ ಹತ್ತಿಸುವಾಗ ನೂಕಿಸಿಕೊಳ್ಳುವ ಗಾಡಿ ಇಳಿಜಾರಿನಲ್ಲಿ ಎತ್ತುಗಳನ್ನೇ ಮುಂದಕ್ಕೆ ತಳ್ಳುವುದಿಲ್ಲವೇ, ಹಾಗೆ. ಒಂದು ಕ್ಷಣ ನೂಕಬೇಕು, ಮರುಕ್ಷಣ ಹಿಡಿದು ನಿಲ್ಲಿಸಬೇಕು. ಈ ಎಳೆದಾಟ ಸೆಕೆಂಡಿಗೆ ನೂರಾರು ಬಾರಿ ನಡೆಯುತ್ತದೆ.

ನಾಲ್ಕು ದಾರಿಗಳು

ಕೆಳಗಿರುವ ಕ್ರ್ಯಾಂಕಿನಿಂದ ಎಂಜಿನ್ನಿನ ತಲೆಯ ಮೇಲಿರುವ ಕ್ಯಾಮಿಗೆ ಚಲನೆಯನ್ನು ಒಯ್ಯಲು ಎಂಜಿನಿಯರುಗಳು ಮುಖ್ಯವಾಗಿ ನಾಲ್ಕು ದಾರಿಗಳನ್ನು ಬಳಸಿದ್ದಾರೆ.

ಮೊದಲನೆಯದು ಲಂಬವಾದ ಒಂದು ದಂಡ, ಅದರ ಎರಡು ತುದಿಗಳಲ್ಲಿ ಓರೆ ಹಲ್ಲಿನ ಗೇರುಗಳು. ನಾರ್ಟನ್ ಕಂಪನಿಯ ಹೆಸರುವಾಸಿ ಮ್ಯಾಂಕ್ಸ್ ಮೋಟಾರ್ ಸೈಕಲ್, ಇಟಲಿಯ ಹಳೆಯ ಡುಕಾಟಿಗಳು ಈ ದಾರಿಯವು. ಎರಡನೆಯ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್ ವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿನಲ್ಲೂ ಇದೇ ವ್ಯವಸ್ಥೆ. ನೋಡಲು ಬಲು ಅಂದ. ಆದರೆ ಒಂದೊಂದು ಗೇರನ್ನೂ ತೆಳುವಾದ ಬಿಲ್ಲೆಗಳನ್ನಿಟ್ಟು, ಕೂದಲೆಳೆಯಷ್ಟು ಅಂತರ ಬಿಟ್ಟು ಕೂರಿಸಬೇಕು. 1950ರ ದಶಕದ ಪೋರ್ಷೆ ಕಂಪನಿಯ ಒಂದು ಪಂದ್ಯದ ಎಂಜಿನ್ನಿನಲ್ಲಿ ನಾಲ್ಕು ಕ್ಯಾಮ್‌ಶಾಫ್ಟ್‌ಗಳನ್ನು ಹೀಗೆ ದಂಡಗಳಿಂದಲೇ ತಿರುಗಿಸುತ್ತಿದ್ದರು. ಪಳಗಿದ ಮೆಕ್ಯಾನಿಕ್ಕಿಗೂ ಅದನ್ನು ಜೋಡಿಸಲು ದಿನಗಟ್ಟಲೆ ಬೇಕಾಗುತ್ತಿತ್ತು.

ಎರಡನೆಯದು ಚೈನು. ಇದು ಅಗ್ಗ, ಎರಡು ಶಾಫ್ಟ್‌ಗಳ ನಡುವೆ ಎಷ್ಟೇ ದೂರವಿರಲಿ, ಹೊಂದಿಕೊಳ್ಳುತ್ತದೆ. ಆದರೆ ಸೈಕಲ್ ಚೈನು ಹಳತಾದಂತೆ ಜೋಲು ಬೀಳುವುದನ್ನು ನೋಡಿದ್ದೀರಿ. ಉಕ್ಕು ಎಳೆದು ಹಿಗ್ಗಿತು ಎಂದುಕೊಳ್ಳುವವರೇ ಹೆಚ್ಚು. ನಿಜಕ್ಕೂ ಆಗುವುದು ಬೇರೆ. ಪ್ರತಿ ಕೊಂಡಿಯ ಪಿನ್ನು ಚೂರು ಚೂರೇ ಸವೆಯುತ್ತದೆ. ನೂರು ಕೊಂಡಿಗಳು ತಲಾ 0.02 ಮಿಲಿಮೀಟರ್ ಸವೆದರೆ ಚೈನು ಒಟ್ಟು 2 ಮಿಲಿಮೀಟರ್ ಉದ್ದವಾಯಿತು. ಎಳೆತವಿರುವ ಬದಿಗೆ ಅದರಲ್ಲಿ 1 ಮಿಲಿಮೀಟರ್ ಸೇರಿತೆಂದಿಟ್ಟುಕೊಳ್ಳಿ. 400 ಮಿಲಿಮೀಟರ್ ಸುತ್ತಳತೆಯ ಕ್ಯಾಮ್ ಚಕ್ರ ಆಗ ಸುಮಾರು 1 ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು 2 ಡಿಗ್ರಿ.

ಚೈನಿಗೆ ಇನ್ನೊಂದು ಶತ್ರು ಅದರ ಸ್ವಂತ ತೂಕ. ವೃತ್ತದಲ್ಲಿ ಓಡುವ ವಸ್ತು ಹೊರಗೆ ಸಿಡಿಯಲು ನೋಡುತ್ತದೆ. ಅದನ್ನು ಹಿಡಿದಿಡಲು ಚೈನಿನಲ್ಲಿ ಉಂಟಾಗುವ ಎಳೆತ, ಮೀಟರಿಗೆ ಅದರ ತೂಕವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಒಂದು ಮೀಟರಿಗೆ 400 ಗ್ರಾಂ ತೂಗುವ ಚೈನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡಿದರೆ ಈ ಎಳೆತ 160 ನ್ಯೂಟನ್. ವೇಗ 30 ಮೀಟರಿಗೆ ಏರಿದರೆ ಅದು 360 ನ್ಯೂಟನ್. ವೇಗ ಒಂದೂವರೆ ಪಟ್ಟು, ಎಳೆತ ಎರಡೂಕಾಲು ಪಟ್ಟು. ಯಾವ ಕೆಲಸವನ್ನೂ ಮಾಡದೆ, ಕೇವಲ ಓಡಿದ್ದಕ್ಕೇ ತೆರಬೇಕಾದ ದಂಡವಿದು. ಮೇಲಾಗಿ ಉದ್ದನೆಯ ಚೈನು ಚಾಟಿಯಂತೆ ಬಳುಕುತ್ತದೆ. ಅದನ್ನು ಅಂಕೆಯಲ್ಲಿಡಲು ಪಕ್ಕಗಳಲ್ಲಿ ಜಾರುಪಟ್ಟಿ, ಒತ್ತಿ ಹಿಡಿಯುವ ಟೆನ್ಷನರ್ ಎಲ್ಲ ಬೇಕು.

ಮೂರನೆಯದು ಹಲ್ಲುಗಳಿರುವ ರಬ್ಬರ್ ಬೆಲ್ಟು. ಹಿಟ್ಟಿನ ಗಿರಣಿಯ ಚಪ್ಪಟೆ ಬೆಲ್ಟು ಹೊರೆ ಹೆಚ್ಚಾದಾಗ ಜಾರುತ್ತದೆ. ಅಲ್ಲಿ ಜಾರಿದರೆ ನಷ್ಟವಿಲ್ಲ, ಎಂಜಿನ್ನಿನಲ್ಲಿ ಜಾರುವಂತಿಲ್ಲ. ಆದ್ದರಿಂದ ಒಳಮೈಗೆ ಹಲ್ಲು. ಇಂಥ ಬೆಲ್ಟು 1940ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಹೊಲಿಗೆ ಯಂತ್ರಕ್ಕಾಗಿ. ಸೂಜಿ ಇಳಿಯುವುದೂ ಕೆಳಗಿನ ಬಾಬಿನ್ ತಿರುಗುವುದೂ ತಾಳ ತಪ್ಪಬಾರದಲ್ಲ! 1962ರಲ್ಲಿ ಪಶ್ಚಿಮ ಜರ್ಮನಿಯ ಗ್ಲಾಸ್ ಎಂಬ ಕಂಪನಿ ಅದನ್ನು ತನ್ನ ಪುಟ್ಟ ಕಾರಿನ ಕ್ಯಾಮ್‌ಶಾಫ್ಟಿಗೆ ಅಳವಡಿಸಿತು. ಬೆಲ್ಟು ಹಗುರ, ಸದ್ದಿಲ್ಲ, ಎಣ್ಣೆ ಬೇಡ. ಒಳಗಿರುವ ಗಾಜಿನ ಎಳೆಗಳು ಅದನ್ನು ಹಿಗ್ಗಗೊಡುವುದಿಲ್ಲ. ಆದರೆ ರಬ್ಬರಿಗೆ ಆಯುಷ್ಯವಿದೆ. ಶಾಖ, ಎಣ್ಣೆ, ವಯಸ್ಸು ಮೂರೂ ಅದಕ್ಕೆ ವೈರಿಗಳು. ಚೈನು ಸಾಮಾನ್ಯವಾಗಿ ಸಾಯುವ ಮುಂಚೆ ಗಲಗಲ ಎಂದು ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟು ಹೇಳದೆ ಕೇಳದೆ ಹೋಗಿಬಿಡಬಹುದು.

ನಾಲ್ಕನೆಯದು ಒಂದಕ್ಕೊಂದು ಕಚ್ಚಿಕೊಂಡ ಗೇರುಗಳ ಸಾಲು. ಜೋಲು ಬೀಳುವುದಿಲ್ಲ, ಬಳುಕುವುದಿಲ್ಲ, ಹಲ್ಲು ಜಿಗಿಯುವುದಿಲ್ಲ. ಹೀಗಾಗಿ ಪಂದ್ಯದ ಎಂಜಿನ್ ರೂಪಿಸುವವರಿಗೆ ಗೇರೆಂದರೆ ಪ್ರೀತಿ. 1966ರಲ್ಲಿ ಹೋಂಡಾ ಕಂಪನಿಯ ಆರು ಸಿಲಿಂಡರಿನ 250 ಸಿಸಿ ಪಂದ್ಯದ ಮೋಟಾರ್ ಸೈಕಲ್ ಮಿನಿಟಿಗೆ 18 ಸಾವಿರ ಸುತ್ತು ಮುಟ್ಟುತ್ತಿತ್ತು. ಅದರ ಕ್ಯಾಮುಗಳನ್ನು ತಿರುಗಿಸುತ್ತಿದ್ದದ್ದು ಗೇರುಗಳೇ.

ಹಾಗೆಂದು ಗೇರು ದೋಷವಿಲ್ಲದ್ದೇನಲ್ಲ. ತೂಕ ಹೆಚ್ಚು, ಖರ್ಚು ಹೆಚ್ಚು, ಸದ್ದೂ ಹೆಚ್ಚು. ಜೊತೆಗೆ ಶಾಖದ ಲೆಕ್ಕವೊಂದಿದೆ. ಎಂಜಿನ್ನಿನ ಮೈ ಅಲ್ಯೂಮಿನಿಯಂ, ಗೇರು ಉಕ್ಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡು ಗೇರುಗಳ ಕೇಂದ್ರಗಳ ನಡುವೆ 100 ಮಿಲಿಮೀಟರ್ ಅಂತರವಿದ್ದು, ಎಂಜಿನ್ 80 ಡಿಗ್ರಿಯಷ್ಟು ಬಿಸಿಯಾದರೆ ಕೇಂದ್ರಗಳು ಸುಮಾರು 0.18 ಮಿಲಿಮೀಟರ್ ದೂರ ಸರಿಯುತ್ತವೆ. ಗೇರುಗಳು ಹಿಗ್ಗಿ ತುಂಬಿಕೊಡುವುದು ಅದರಲ್ಲಿ ಅರ್ಧದಷ್ಟು ಮಾತ್ರ. ಉಳಿದದ್ದು ಹಲ್ಲುಗಳ ನಡುವಿನ ಸಡಿಲವಾಗುತ್ತದೆ. ತಣ್ಣಗಿರುವಾಗ ಸರಿಯಾಗಿ ಕೂತಿದ್ದ ಗೇರು ಬಿಸಿಯಾದಾಗ ಕಡಕಡ ಎನ್ನುವುದು ಇದರಿಂದಲೇ.

ಡಕ್‌ವರ್ತ್ ಅವರ ಎಂಜಿನ್

ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಎಂಬ ಇಬ್ಬರು ಎಂಜಿನಿಯರುಗಳು 1958ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಕಂಪನಿ ಹುಟ್ಟುಹಾಕಿದರು. ಇಬ್ಬರ ಹೆಸರುಗಳ ತುಂಡುಗಳನ್ನು ಸೇರಿಸಿ ಅದಕ್ಕೆ ಕಾಸ್ವರ್ತ್ ಎಂದು ಹೆಸರಿಟ್ಟರು. ಲೋಟಸ್ ತಂಡದ ಯಜಮಾನ ಕಾಲಿನ್ ಚಾಪ್ಮನ್ ಅವರ ಒತ್ತಾಯದಿಂದ ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಆ ಹಣದಲ್ಲಿ ನಾರ್ಥಾಂಪ್ಟನ್ ಊರಿನ ಕಾಸ್ವರ್ತ್ ಕಾರ್ಖಾನೆಯಲ್ಲಿ ತಯಾರಾದದ್ದು ಡಿಎಫ್‌ವಿ ಎಂಬ ಎಂಜಿನ್. 3 ಲೀಟರ್ ಗಾತ್ರ, ವಿ ಆಕಾರದಲ್ಲಿ ಎಂಟು ಸಿಲಿಂಡರುಗಳು, ಪ್ರತಿ ಸಿಲಿಂಡರಿಗೆ ನಾಲ್ಕರಂತೆ 32 ಕವಾಟಗಳು. ಮಿನಿಟಿಗೆ 9000 ಸುತ್ತಿನಲ್ಲಿ ಸುಮಾರು 400 ಅಶ್ವಶಕ್ತಿ.

ವಿ ಆಕಾರದ ಎರಡು ಬದಿಗೆ ಎರಡೆರಡರಂತೆ ನಾಲ್ಕು ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸಬೇಕಿತ್ತು. ಅಷ್ಟು ವೇಗದಲ್ಲಿ, ಅಷ್ಟು ಕವಾಟಗಳ ಹೊರೆ ಹೊತ್ತು ತಾಳ ತಪ್ಪದಿರಲು ಗೇರುಗಳೇ ಸರಿ ಎಂದು ಡಕ್‌ವರ್ತ್ ನಿಶ್ಚಯಿಸಿದರು. ಆ ನಿಶ್ಚಯದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಹಲ್ಲು ಮುರಿಯಿತು.

ಕಾರಣ ಹುಡುಕಿದಾಗ ತಿಳಿದದ್ದು ಇದು: ಗೇರುಗಳ ಮೇಲೆ ಬೀಳುತ್ತಿದ್ದ ಬಲ ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಕವಾಟದ ಸ್ಪ್ರಿಂಗುಗಳು ಒಡ್ಡುವ ತಡೆಯನ್ನು ಲೆಕ್ಕ ಹಾಕಿ ಕೂಡಿಸಿದರೆ ಸಿಗುವುದು ಸರಾಸರಿ ಹೊರೆ. ಹಲ್ಲನ್ನು ಮುರಿಯುವುದು ಸರಾಸರಿಯಲ್ಲ, ಒಂದು ಕ್ಷಣದ ಏಟು. ಆ ಏಟು ಬರುತ್ತಿದ್ದದ್ದು ಕಂಪನದಿಂದ.

ಕ್ಯಾಮ್‌ಶಾಫ್ಟ್ ಉಕ್ಕಿನ ಸಲಾಕೆ. ಕಣ್ಣಿಗೆ ಕಾಣದಿದ್ದರೂ ಅದೂ ಒಂದು ಸ್ಪ್ರಿಂಗೇ. ಒಂದು ತುದಿಯಲ್ಲಿ ತಿರುಗಿಸಿದಾಗ ಅದು ತುಸು ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತದೆ. ಪ್ರತಿಯೊಂದು ಸ್ಪ್ರಿಂಗಿಗೂ ತನ್ನದೇ ಆದ ಸಹಜ ಆವೃತ್ತಿಯಿದೆ. ಜೋಕಾಲಿಯಲ್ಲಿ ಕೂತ ಮಗುವನ್ನು ನೋಡಿ. ಜೋಕಾಲಿ ಹಿಂದೆ ಬಂದಾಗಲೆಲ್ಲ ಒಂದು ಬೆರಳಿನಿಂದ ನೂಕಿದರೂ ಸಾಕು, ಹತ್ತು ನೂಕಿಗೆ ಅದು ಕೊಂಬೆಯೆತ್ತರ ಹೋಗುತ್ತದೆ. ನೂಕು ಸಣ್ಣದೇ, ಆದರೆ ತಾಳ ಕೂಡಿಬಂದಿದೆ. ಇದಕ್ಕೇ ಅನುರಣನ ಎನ್ನುತ್ತಾರೆ. ಕವಾಟದ ಸ್ಪ್ರಿಂಗುಗಳ ಎಳೆದಾಟ, ಸಿಲಿಂಡರುಗಳಲ್ಲಿ ಇಂಧನ ಉರಿಯುವಾಗ ಕ್ರ್ಯಾಂಕಿಗೆ ಬೀಳುವ ಹೊಡೆತ ಇವೆರಡೂ ಎಂಜಿನ್ನಿನ ಯಾವುದಾದರೊಂದು ವೇಗದಲ್ಲಿ ಈ ಸಹಜ ಆವೃತ್ತಿಗೆ ತಾಳ ಹೊಂದಿಸಿಬಿಡಬಹುದು. ಆಗ ಕ್ಯಾಮ್‌ಶಾಫ್ಟ್ ತಿರುಗುತ್ತಲೇ ಹಿಂದಕ್ಕೂ ಮುಂದಕ್ಕೂ ಒದ್ದಾಡುತ್ತದೆ. ಹಲ್ಲುಗಳ ನಡುವೆ ಇರುವ ಕೂದಲೆಳೆಯ ಸಡಿಲದಲ್ಲಿ ಒಂದು ಹಲ್ಲು ಇನ್ನೊಂದನ್ನು ಬಿಟ್ಟು, ಮರುಕ್ಷಣ ಸುತ್ತಿಗೆಯಂತೆ ಬಡಿಯುತ್ತದೆ.

ಚೈನೋ ಬೆಲ್ಟೋ ಆಗಿದ್ದರೆ ಈ ಏಟಿನ ಒಂದು ಪಾಲನ್ನು ತಾನೇ ಬಳುಕಿ ನುಂಗಿಕೊಳ್ಳುತ್ತಿತ್ತು. ಗೇರು ನುಂಗುವುದಿಲ್ಲ. ಅದರ ಗುಣವಾದ ಬಿಗಿತವೇ ಇಲ್ಲಿ ಅದರ ದೋಷ.

ಇಂಥ ಕಡೆ ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಹಲ್ಲನ್ನು ಇನ್ನಷ್ಟು ದಪ್ಪ ಮಾಡುವುದು. ಅದರಿಂದ ಗೇರಿನ ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದರೆ ಒದ್ದಾಟದ ಜಡತ್ವವೂ ಹೆಚ್ಚುತ್ತದೆ, ಏಟು ಮತ್ತಷ್ಟು ಜೋರಾಗುತ್ತದೆ. ಡಕ್‌ವರ್ತ್ ಕೊನೆಗೆ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಸಾಲಿನ ನಡುವೆ ಬರುವ ಒಂದು ಗೇರಿನ ಗುಂಬದೊಳಗೆ ಅವರು ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳನ್ನು ಸುತ್ತಲೂ ಕೂರಿಸಿದರು. ಬಲ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಈ ಕಡ್ಡಿಗಳ ಮೂಲಕವೇ ಹೋಗಬೇಕು. ಏಟು ಬಿದ್ದಾಗ ಕಡ್ಡಿಗಳು ತುಸುವೇ ತುಸು ತಿರುಚಿಕೊಳ್ಳುತ್ತವೆ. ಏಟು ಕಳೆದೊಡನೆ ನೆಟ್ಟಗಾಗುತ್ತವೆ.

ಕ್ರಿಕೆಟ್ ಆಡುವ ಹುಡುಗರಿಗೆ ಇದರ ಗುಟ್ಟು ಗೊತ್ತು. ರಭಸವಾಗಿ ಬರುವ ಚೆಂಡನ್ನು ಕೈ ಗಟ್ಟಿ ಮಾಡಿ ಹಿಡಿದರೆ ಅಂಗೈ ಉರಿಯುತ್ತದೆ. ಕೈಯನ್ನು ಚೆಂಡಿನ ಜೊತೆಯಲ್ಲೇ ಹಿಂದಕ್ಕೆ ತಂದರೆ ಚೆಂಡು ನಿಲ್ಲಲು ಹೆಚ್ಚು ಕಾಲ ಸಿಗುತ್ತದೆ, ಬಲ ಕಡಿಮೆಯಾಗುತ್ತದೆ. ಗೇರಿನೊಳಗಿನ ಕಡ್ಡಿಗಳು ಮಾಡಿದ್ದೂ ಅದನ್ನೇ. ಮೇಲಾಗಿ, ಸಾಲಿನ ಬಿಗಿತ ಕಡಿಮೆಯಾದಾಗ ಅದರ ಸಹಜ ಆವೃತ್ತಿಯೂ ಕೆಳಗಿಳಿಯಿತು. ಎಂಜಿನ್ ಬಿರುಸಿನಿಂದ ಓಡುವ ವೇಗದಲ್ಲಿ ತಾಳ ಕೂಡಿಬರುವ ಅಪಾಯ ದೂರವಾಯಿತು. ಎಷ್ಟು ಮಣಿಯಬೇಕು ಎಂಬುದೇ ಇಲ್ಲಿ ಜಾಣತನ. ಹೆಚ್ಚು ಮಣಿದರೆ ಕವಾಟಗಳ ತಾಳ ಕೆಡುತ್ತದೆ, ಕಡಿಮೆ ಮಣಿದರೆ ಹಲ್ಲು ಮುರಿಯುತ್ತದೆ.

ಫಲ ಏನಾಯಿತೆಂಬುದಕ್ಕೆ ದಾಖಲೆಗಳಿವೆ. 1967ರಿಂದ 1983ರವರೆಗೆ ಈ ಎಂಜಿನ್ ಮತ್ತು ಅದರ ಸುಧಾರಿತ ರೂಪ ಸೇರಿ 155 ಗ್ರ್ಯಾನ್ ಪ್ರಿಗಳನ್ನು ಗೆದ್ದವು. ಒಂದೂವರೆ ಎರಡು ಗಂಟೆಯ ಪಂದ್ಯಕ್ಕೆಂದು ಹುಟ್ಟಿದ ಎಂಜಿನ್ 1975ರಲ್ಲಿ, ವೇಗವನ್ನು ತುಸು ತಗ್ಗಿಸಿಕೊಂಡು, ಫ್ರಾನ್ಸಿನ ಲೆ ಮಾನ್ಸ್ ಊರಿನ 24 ಗಂಟೆಗಳ ಪಂದ್ಯವನ್ನೂ ಗೆದ್ದಿತು.

ಚೈನಿನ ಕಾರಿಗೆ ಕಿರೀಟ

ಇಷ್ಟು ಓದಿದವರು ಗೇರೇ ಶ್ರೇಷ್ಠ ಎಂದುಕೊಂಡಾರು. ಅದೇ 1967ರ ಕೊನೆಗೆ ವಿಶ್ವ ಚಾಂಪಿಯನ್ ಆದವರು ಯಾರು ಎಂಬುದನ್ನು ನೋಡಬೇಕು. ಆ ವರ್ಷ ಜಿಮ್ ಕ್ಲಾರ್ಕ್ ನಾಲ್ಕು ಪಂದ್ಯ ಗೆದ್ದರು. ಡೆನಿ ಹಲ್ಮ್ ಗೆದ್ದದ್ದು ಎರಡೇ. ಆದರೂ ಕಿರೀಟ ಹಲ್ಮ್ ಅವರಿಗೆ. ಏಕೆಂದರೆ ಅವರ ಬ್ರಾಭಮ್ ಕಾರು ಪಂದ್ಯದಿಂದ ಪಂದ್ಯಕ್ಕೆ ಕೊನೆ ಮುಟ್ಟಿ ಅಂಕ ಗಳಿಸುತ್ತ ಹೋಯಿತು. ಅದರಲ್ಲಿದ್ದದ್ದು ಆಸ್ಟ್ರೇಲಿಯದ ರೆಪ್ಕೊ ಕಂಪನಿಯ ಎಂಜಿನ್. ಪ್ರತಿ ಬದಿಗೆ ಒಂದೇ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸಲು ಸಾದಾ ಚೈನು. ಹಿಂದಿನ ವರ್ಷ, 1966ರಲ್ಲಿ, ಜ್ಯಾಕ್ ಬ್ರಾಭಮ್ ಚಾಂಪಿಯನ್ ಆದದ್ದೂ ರೆಪ್ಕೊ ಎಂಜಿನ್ನಿನಿಂದಲೇ.

ರೆಪ್ಕೊ ಎಂಜಿನ್ನಿನ ಶಕ್ತಿ ಕಾಸ್ವರ್ತಿಗಿಂತ ಕಡಿಮೆ, ವೇಗವೂ ಕಡಿಮೆ. ಆ ವೇಗಕ್ಕೆ ಚೈನು ಸಾಕಾಗಿತ್ತು. ಸಾಕಾಗುವ ಕಡೆ ಸರಳವಾದದ್ದನ್ನು ಬಳಸಿದ್ದೇ ಅವರ ಬುದ್ಧಿವಂತಿಕೆ. 9000 ಸುತ್ತು ಬೇಕೆಂದವರಿಗೆ ಆ ಚೈನು ಒದಗುತ್ತಿತ್ತೇ ಎಂಬುದು ಬೇರೆ ಮಾತು.

ಇನ್ನೂ ಸ್ವಾರಸ್ಯದ ಸಂಗತಿ ಕಾಸ್ವರ್ತ್ ಕಾರ್ಖಾನೆಯಲ್ಲೇ ನಡೆಯಿತು. ಡಿಎಫ್‌ವಿ ಹುಟ್ಟಿದ ಎರಡು ವರ್ಷಗಳ ನಂತರ, 1969ರಲ್ಲಿ, ಅದೇ ಕಂಪನಿ ಬಿಡಿಎ ಎಂಬ ಇನ್ನೊಂದು ಎಂಜಿನ್ ಹೊರತಂದಿತು. ಆ ಹೆಸರಿನ ಮೊದಲೆರಡು ಅಕ್ಷರಗಳು ಸೂಚಿಸುವುದೇ ಬೆಲ್ಟ್ ಡ್ರೈವ್ ಎಂಬುದನ್ನು. ಗೇರಿನ ಕೆಲಸ ಬಲ್ಲವರೇ ಇಲ್ಲಿ ರಬ್ಬರ್ ಬೆಲ್ಟನ್ನು ಏಕೆ ಆರಿಸಿದರು?

ಬಿಡಿಎ ಹೋಗಬೇಕಾಗಿದ್ದದ್ದು ಫೋರ್ಡ್ ಎಸ್ಕಾರ್ಟ್ ಎಂಬ ರಸ್ತೆಯ ಕಾರಿಗೆ. ಅದರ ಕೆಳಭಾಗ ಫೋರ್ಡ್ ಕಂಪನಿಯ ಸಾದಾ ಎಂಜಿನ್ನಿನದು. ತಲೆ ಮಾತ್ರ ಕಾಸ್ವರ್ತಿನ 16 ಕವಾಟದ್ದು. ತಳದಿಂದ ತಲೆಗೆ ಗೇರಿನ ಸಾಲು ಕಟ್ಟಬೇಕೆಂದರೆ ಮುಂಭಾಗದಲ್ಲಿ ಹೊಸ ಎರಕ, ನಿಖರವಾದ ಕೊರೆತ, ಎಣ್ಣೆಯ ದಾರಿ ಎಲ್ಲ ಬೇಕು. ಅಷ್ಟು ಖರ್ಚು ಮಾಡಿದರೆ ಕಾರು ಕೊಳ್ಳುವವರು ಯಾರು? ಬೆಲ್ಟಿಗಾದರೆ ಮೂರು ನಾಲ್ಕು ಹಲ್ಲುಗಾಲಿಗಳನ್ನು ಹೊರಗಿನಿಂದ ಕೂರಿಸಿದರೆ ಮುಗಿಯಿತು. ಗೇರಿನ ಗಲಾಟೆಯೂ ಇಲ್ಲ. ಸಿಲಿಂಡರಿನ ತಲೆಯನ್ನು ಬಿಚ್ಚಬೇಕಾದಾಗ ಬೆಲ್ಟನ್ನು ಸರಿಸಿದರೆ ಸಾಕು. ಇದೇ ಬಿಡಿಎ ವಂಶದ ಎಂಜಿನ್‌ಗಳು ಮುಂದೆ ರ್‍ಯಾಲಿ ಪಂದ್ಯಗಳಲ್ಲಿ ಡಿಎಫ್‌ವಿಯ ಸಮಕ್ಕೆ, 9000 ಸುತ್ತಿನವರೆಗೂ ಓಡಿದವು. ಒಂದು ಸಾಲಿನ ನಾಲ್ಕು ಸಿಲಿಂಡರು, ಎರಡೇ ಕ್ಯಾಮ್‌ಶಾಫ್ಟ್. ಅಷ್ಟು ಹೊರೆಯನ್ನು ಬೆಲ್ಟು ಹೊತ್ತಿತು.

ಆಯ್ಕೆಯ ಒಳಗುಟ್ಟು

ಮುಂದಿನ ವರ್ಷಗಳಲ್ಲಿ ಕಂಪನಿಗಳು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳಿದ್ದನ್ನು ನೋಡಿದರೆ ಮೋಜೆನಿಸುತ್ತದೆ. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲ್ಯೋನಿ ದಶಕಗಳ ಕಾಲ ದಂಡ ಮತ್ತು ಓರೆ ಗೇರುಗಳನ್ನು ಬಳಸಿದವರು. ಅವರೇ 1979ರ ಪಂಟಾ ಮೋಟಾರ್ ಸೈಕಲ್ಲಿಗೆ ಬೆಲ್ಟು ತೊಡಿಸಿದರು. 2012ರಲ್ಲಿ ಬಂದ ಅದೇ ಕಂಪನಿಯ ಪನಿಗಾಲೆ 1199ರಲ್ಲಿ ಬೆಲ್ಟು ಹೋಗಿ ಚೈನು ಬಂತು. ಹೋಂಡಾ ಕಂಪನಿಯ ವಿಎಫ್ಆರ್ ಮೋಟಾರ್ ಸೈಕಲ್ಲುಗಳು ಗೇರಿನ ಸಿಳ್ಳಿನಂಥ ಸದ್ದಿಗೇ ಹೆಸರಾಗಿದ್ದವು. 2002ರ ಮಾದರಿಯಲ್ಲಿ ಗೇರು ಹೋಗಿ ಚೈನು ಬಂತು. 1994ರ ಫೆರಾರಿ 355 ಕಾರಿನಲ್ಲಿ ಬೆಲ್ಟು ಬದಲಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸಬೇಕಾಗಿತ್ತು. ಅದರ ವಂಶದಲ್ಲೇ 2004ರಲ್ಲಿ ಬಂದ 430ಕ್ಕೆ ಚೈನು ಹಾಕಿದರು. ಪಂದ್ಯದ ಫಾರ್ಮುಲಾ ಒನ್ ಎಂಜಿನ್‌ಗಳು ಮಾತ್ರ ಗೇರನ್ನು ಬಿಟ್ಟಿಲ್ಲ.

ಇದನ್ನು ಚಂಚಲತೆ ಎನ್ನುವಂತಿಲ್ಲ. ಎಂಜಿನಿಯರು ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಗಳಿಗೆ ಉತ್ತರ ಬದಲಾಗಿದೆ, ಅಷ್ಟೆ. ಎಂಜಿನ್ ಎಷ್ಟು ವೇಗವಾಗಿ ಸುತ್ತಬೇಕು? ಕ್ರ್ಯಾಂಕಿಗೂ ಕ್ಯಾಮಿಗೂ ಎಷ್ಟು ದೂರ? ಕವಾಟದ ಸ್ಪ್ರಿಂಗ್ ಎಷ್ಟು ಬಿಗಿ? ಎಷ್ಟು ಗಂಟೆಗೊಮ್ಮೆ ಬಿಚ್ಚಿ ನೋಡುತ್ತಾರೆ? ನೋಡುವವರು ಯಾರು, ಪಂದ್ಯದ ತಂಡದ ಪರಿಣತರೋ ಪೇಟೆಯ ಗ್ಯಾರೇಜಿನವರೋ? ಕೊನೆಯದಾಗಿ, ಹಣ ಎಷ್ಟಿದೆ? ಪ್ರತಿ ಪಂದ್ಯದ ನಂತರ ಎಂಜಿನ್ ಬಿಚ್ಚುವವರಿಗೆ ಗೇರಿನ ಖರ್ಚು ಭಾರವಲ್ಲ. ಲಕ್ಷ ಕಿಲೋಮೀಟರ್ ಓಡಿಸುವ ಸಂಸಾರಸ್ಥರಿಗೆ ಚೈನು ನೆಮ್ಮದಿ. ಹಗುರವೂ ಇರಬೇಕು, ಸದ್ದೂ ಇರಬಾರದು ಎಂದರೆ ಬೆಲ್ಟು. ಆದರೆ ಹೇಳಿದ ಸಮಯಕ್ಕೆ ಬದಲಿಸುತ್ತೇನೆಂಬ ಮಾತು ಕೊಡಬೇಕು.

ನಮ್ಮ ರಸ್ತೆಗಳ ವಾಹನಗಳಲ್ಲೂ ಈ ವೈವಿಧ್ಯವಿದೆ. ಅಂಬಾಸಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಚೈನು, ಮಾರುತಿ 800ರಲ್ಲಿ ಬೆಲ್ಟು, ಹಳೆಯ ಬುಲೆಟ್ಟಿನಲ್ಲಿ ಗೇರು. ತಮ್ಮ ಬಂಡಿಯಲ್ಲಿ ಯಾವುದಿದೆ ಎಂಬುದು ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಬೆಲ್ಟು ಇರುವ ಕಾರನ್ನು ಎರಡನೆಯ ಕೈಯಿಂದ ಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆ ಅದನ್ನು ಬದಲಿಸಿದ್ದು ಯಾವಾಗ ಎಂಬುದು. ಉತ್ತರ ಸಿಗದಿದ್ದರೆ ಬದಲಿಸಿಬಿಡುವುದು ಲೇಸು. ಕವಾಟ ಬಾಗಿದ ಎಂಜಿನ್ನಿನ ರಿಪೇರಿಯ ಖರ್ಚಿನ ಮುಂದೆ ಬೆಲ್ಟಿನ ಬೆಲೆ ಏನೂ ಅಲ್ಲ.

ಡಕ್‌ವರ್ತ್ 2005ರಲ್ಲಿ ತೀರಿಕೊಂಡರು. ಅವರ ಎಂಜಿನ್‌ಗಳು ಇಂದಿಗೂ ಹಳೆಯ ಕಾರುಗಳ ಪಂದ್ಯಗಳಲ್ಲಿ ಓಡುತ್ತವೆ. ಅವುಗಳ ಮುಂಭಾಗದ ಗೇರುಗಳ ಸಾಲಿನಲ್ಲಿ ಎಲ್ಲ ಗೇರುಗಳೂ ಗಟ್ಟಿಯಾಗಿ ಕಚ್ಚಿಕೊಂಡು ತಿರುಗುತ್ತಿರುತ್ತವೆ. ಅವುಗಳ ನಡುವೆ ಒಂದೇ ಒಂದು ಮಾತ್ರ ಏಟು ಬಿದ್ದಾಗ ತುಸು ಮಣಿಯುತ್ತದೆ. ಉಳಿದವುಗಳ ಹಲ್ಲು ಉಳಿದಿರುವುದು ಅದರಿಂದಲೇ.